ಅಕ್ಕನ ಹಿಡಿ

ಮಾರ್ಚ್ 4, ಸೋಮವಾರ, ಸಂಜೆ

ಇವತ್ತೂ ಅದೇ ಹಾಡು. ಅಕ್ಕ ಬ್ರೆಡ್ ತಿಂದಳು, ಚಹಾ ಕುಡಿದಳು. ಬೇಯಿಸಿಟ್ಟ ಬೀನ್ಸ್ ತಟ್ಟೆಯ ಅಂಚಿಗೆ — ಬಟ್ಟೆ ಕತ್ತರಿಸಿ ಚಿಂದಿ ಸರಿಸಿಟ್ಟ ಹಾಗೆ.

"ಟೈಲರ್ ಹೊಟ್ಟೆ ಕಣೋ. ಇಷ್ಟೇ ಹಿಡಿಯೋದು."

ಆಸ್ಪತ್ರೆಯಿಂದ ನನ್ನ ಮನೆಗೆ ಕರೆತಂದು ವಾರ ದಾಟಿತು. ಎಡಗಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಮತ್ತೆ ಕಟ್ಟದಿರಲಿ ಎಂದು ದಿನಾ ಮಾತ್ರೆ. ಮತ್ತೆ ಕಟ್ಟಿ, ಅದು ಎದೆಗೆ ಏರಿದರೆ... ಬೇಡ, ಬರೆಯಲಾರೆ. ರಕ್ತದ ಪರೀಕ್ಷೆ ಹದಕ್ಕೆ ಬಂದು ನಿಲ್ಲುವವರೆಗೆ ಹೊಲಿಗೆ ಮಿಷನ್ ತುಳಿಯುವಂತಿಲ್ಲ. ಅದೀಗ ಮೂಲೆಯಲ್ಲಿ ಹೊದಿಕೆ ಹೊದ್ದು ಕೂತಿದೆ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ್ದು ಅದೇ ಮಿಷನ್, ಅದೇ ಕಾಲು.

ಮಾರ್ಚ್ 5

ಡಾಕ್ಟರ್ ಹತ್ತಿರ ಹೋಗಿದ್ದೆವು. ಅಕ್ಕನ ಊಟದ ವಿಷಯ ಕೇಳಿ ಹುಬ್ಬು ಗಂಟಿಕ್ಕಿದರು.

"ಬರೀ ಬ್ರೆಡ್ ತಿಂದ್ರೆ ಮೈಗೆ ಶಕ್ತಿ ಎಲ್ಲಿಂದ ಬರಬೇಕು? ಬೇಳೆ, ಕಾಳು, ತರಕಾರಿ, ಹಣ್ಣು, ಎಲ್ಲಾ ಬೇಕು. ಗಿಡಗಳು ಬಿಸಿಲು, ಹುಳ ತಡ್ಕೊಳ್ಳೋಕೆ ಅಂತ ತಮಗೇ ಏನೇನೋ ಮಾಡ್ಕೊಂಡಿರ್ತವೆ. ಆ ಬಣ್ಣ, ಕಹಿ, ಘಾಟು ಎಲ್ಲಾ ಅದೇ. ನಮಗೂ ಒಳ್ಳೇದು. ಸ್ವಲ್ಪ ಸ್ವಲ್ಪ, ದಿನಾ. ಮಾತ್ರೆ ಮಾತ್ರ ತಪ್ಪಿಸೋ ಹಾಗಿಲ್ಲ."

ಬಣ್ಣ ಎಂದ ಕೂಡಲೇ ನನ್ನ ಕಿವಿ ನಿಮಿರಿತು. ಡೈಯಿಂಗ್ ಶೆಡ್ಡಿನಲ್ಲಿ ಬಟ್ಟೆಗೆ ಬಣ್ಣ ಕಲೆಸುವ ನನ್ನಂಥವನಿಗೆ ಬಣ್ಣ ತಿನ್ನಿಸಿ ಅಂದರೆ ಕೇಳಬೇಕೇ. ಅಕ್ಕ ತಿನ್ನಲೇಬೇಕು. ಹೇಗೆ ತಿನ್ನುವುದಿಲ್ಲವೋ ನೋಡಿಯೇಬಿಡುತ್ತೇನೆ.

ಮಾರ್ಚ್ 7

ಕೆಲಸ ಮುಗಿಸಿ ನೇರ ಮಾರ್ಕೆಟ್ಟಿಗೆ. ಕ್ಯಾರೆಟ್, ಬೀಟ್ರೂಟ್, ಟೊಮ್ಯಾಟೊ, ನೇರಳೆ ಬಣ್ಣದ ಎಲೆಕೋಸು. ಕ್ಯಾರೆಟ್ಟಿನ ಬಣ್ಣ ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಇಳಿಯುತ್ತದೆ. ಬೀಟ್ರೂಟ್ ನೀರು ಕಂಡರೆ ಸಾಕು, ಬಣ್ಣ ಬಿಡುತ್ತದೆ. ಇಷ್ಟು ವರ್ಷ ಇವನ್ನೆಲ್ಲ ಸುಮ್ಮನೆ ನುಂಗಿದ್ದೇನೆ, ನೋಡಿರಲೇ ಇಲ್ಲ.

ಎಲೆಕೋಸು ಬೇಯಿಸಿದೆ. ಸತ್ತ ನೀಲಿಗೆ ತಿರುಗಿತು. ಅಕ್ಕ ಬಾಗಿಲಲ್ಲಿ ಕೋಲೂರಿ ನಿಂತಿದ್ದಳು.

"ಅಡುಗೆ ಮಾಡ್ತಿದೀಯೋ, ಬಟ್ಟೆ ಅದ್ದುತಿದೀಯೋ?"

ನಿಂಬೆಹಣ್ಣು ಹಿಂಡಿದೆ. ಕಣ್ಣೆದುರೇ ಗುಲಾಬಿಯಾಯಿತು. ಅಕ್ಕ ಹತ್ತಿರ ಬಂದು ಪಾತ್ರೆಗೆ ಬಗ್ಗಿ ನೋಡಿದಳು. ಆಮೇಲೆ ಮೆಲ್ಲಗೆ, "ಈ ಬಣ್ಣದ್ದು ಒಂದು ರೇಷ್ಮೆ ಲಂಗ ಹೊಲಿದಿದ್ದೆ ಕಣೋ, ಯಾರದೋ ಮಗೂಗೆ." ಕೂತು ಪೂರ್ತಿ ತಿಂದಳು.

ಖುಷಿ. ಸುಳ್ಳು ಯಾಕೆ ಹೇಳಲಿ, ಕಣ್ಣು ತುಂಬಿತು.

ಮಾರ್ಚ್ 10, ಭಾನುವಾರ

ಈ ವೇಗ ಸಾಲದು. ಸ್ವಲ್ಪದಿಂದ ಇಷ್ಟು ಒಳ್ಳೆಯದಾದರೆ ಜಾಸ್ತಿಯಿಂದ ಇನ್ನೆಷ್ಟು. ಸೊಪ್ಪಿನ ಸಾರವನ್ನೇ ಇಳಿಸುತ್ತೇನೆ, ಶೆಡ್ಡಿನಲ್ಲಿ ಬಣ್ಣ ಇಳಿಸಿದ ಹಾಗೆ. ಕಟ್ಟುಗಟ್ಟಲೆ ಪಾಲಕ್ ತಂದೆ. ರುಬ್ಬಿದೆ, ಬಟ್ಟೆಯಲ್ಲಿ ಹಿಂಡಿದೆ. ಬೆಳಿಗ್ಗೆ ಒಂದು ದೊಡ್ಡ ಲೋಟ, ಸಂಜೆ ಒಂದು.

ಅಕ್ಕ ಮೂಗು ಹಿಡಿದು ಕುಡಿದಳು. "ನಿನ್ ಮುಖ ನೋಡ್ಕೊಂಡು ಕುಡೀತಿದೀನಿ. ರುಚಿ ಕೇಳ್ಬೇಡ."

ಮಾರ್ಚ್ 14

ಲೋಟ ತಪ್ಪಿಲ್ಲ. ಎರಡು ಹೊತ್ತೂ. ಶೆಡ್ಡಿನಲ್ಲಿ ಎಲ್ಲರ ಮುಂದೆ ಜಂಬ ಕೊಚ್ಚಿಕೊಂಡೆ.

ಮಾರ್ಚ್ 19, ಮಂಗಳವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ರಿಪೋರ್ಟ್ ಕೆಟ್ಟಿದೆ. ರಕ್ತ ಮತ್ತೆ ಬೇಗ ಹೆಪ್ಪುಗಟ್ಟುವ ಕಡೆಗೆ ತಿರುಗಿದೆ, ಮಾತ್ರೆ ಕೆಲಸ ಮಾಡುತ್ತಿಲ್ಲ. ಊಟದಲ್ಲಿ ಏನು ಬದಲಾಯಿತು ಎಂದು ಡಾಕ್ಟರ್ ಕೇಳಿದರು. ಎದೆಯುಬ್ಬಿಸಿ ಹೇಳಿದೆ. ಅವರು ಪೆನ್ ಕೆಳಗಿಟ್ಟರು.

"ಸೊಪ್ಪು ಕೊಟ್ಟಿದ್ದು ತಪ್ಪಲ್ಲ. ಒಮ್ಮೆಗೇ ಸುರಿದಿದ್ದು ತಪ್ಪು. ಹಸಿರು ಸೊಪ್ಪಲ್ಲಿ ವಿಟಮಿನ್ ಕೆ ಜಾಸ್ತಿ, ರಕ್ತ ಹೆಪ್ಪುಗಟ್ಟೋಕೆ ಅದೇ ಬೇಕು. ಇವರ ಮಾತ್ರೆ ಅದನ್ನ ತಡೀಬೇಕು. ದಿನಾ ಒಂದೇ ಅಳತೇಲಿ ತಿಂದ್ರೆ ಅದಕ್ಕೆ ತಕ್ಕ ಹಾಗೆ ನಾನು ಮಾತ್ರೆ ಕೊಡ್ತೀನಿ. ನೀವು ಹೀಗೆ ಏರಿಸಿದ್ರೆ ನಾನೇನು ಮಾಡ್ಲಿ?"

ಅಷ್ಟರಲ್ಲಿ ಅಕ್ಕ, "ಅವನನ್ನ ಬೈಬೇಡಿ ಡಾಕ್ಟ್ರೇ. ನಾನೇ ಕೇಳಿ ಕೇಳಿ ಕುಡಿದೆ."

ನನಗಾಗಿ ಸುಳ್ಳು ಹೇಳಿದಳು. ಚಿಕ್ಕಂದಿನಿಂದಲೂ ಅಷ್ಟೇ.

ಸದ್ಯಕ್ಕೆ ರಕ್ತ ಕಟ್ಟದಂತೆ ಇಂಜೆಕ್ಷನ್. ನನ್ನ ಕೈಯಾರೆ ಅವಳನ್ನು... ಭಯ. ನಾಚಿಕೆ. ಬೇರೆ ಏನೂ ಇಲ್ಲ.

ಮಾರ್ಚ್ 20

ಇಬ್ಬರೂ ಬ್ರೆಡ್ ತಿಂದೆವು.

ಮಾರ್ಚ್ 26

ಶೆಡ್ಡಿನ ಮಾಲೀಕರು ಅವಸರದ ಆರ್ಡರ್ ತಂದರು. ಕಡುನೀಲಿ. "ಗಟ್ಟಿಯಾಗಿ ಕಲೆಸಿ, ಒಂದೇ ಸಲ ಅದ್ದಿ ತೆಗೆದುಬಿಡಿ" ಅಂದರು. ನಾನು ಒಪ್ಪಲಿಲ್ಲ. "ಹಾಗೆ ಮಾಡಿದ್ರೆ ಬಣ್ಣ ಮೇಲೆ ಕೂತ್ಕೊಳ್ಳುತ್ತೆ, ಒಗೆದ್ರೆ ಹೋಗುತ್ತೆ. ತೆಳ್ಳಗೆ ಕಲೆಸಿ, ಅದ್ದಿ, ಗಾಳಿಗೆ ಹಾಕಿ, ಮತ್ತೆ ಅದ್ದಬೇಕು. ಆಗ್ಲೇ ನೂಲಿಗೆ ಇಳಿಯೋದು."

ಹೇಳಿ ಮುಗಿಸಿದವನೇ ಅಲ್ಲೇ ತೊಟ್ಟಿಯ ಕಟ್ಟೆ ಮೇಲೆ ಕೂತುಬಿಟ್ಟೆ. ಈ ಕೆಲಸಕ್ಕೆ ಸೇರಿದಾಗಿನಿಂದ ಕಂಡಕಂಡವರಿಗೆ ಇದನ್ನೇ ಹೇಳುತ್ತ ಬಂದಿದ್ದೇನೆ. ಬಟ್ಟೆಗೆ ತೋರಿಸಿದ ತಾಳ್ಮೆ ಅಕ್ಕನಿಗೆ ತೋರಿಸಲಿಲ್ಲ.

ಡಾಕ್ಟರಿಗೆ ಫೋನ್ ಮಾಡಿದೆ. ದಿನಾ ಒಂದು ಹಿಡಿ ಬೇಯಿಸಿದ ಸೊಪ್ಪು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ, ಕೊಡಬಹುದಾ? "ಕೊಡಿ. ಅಳತೆ ಬದಲಾಗಬಾರದು ಅಷ್ಟೆ. ರಕ್ತ ನೋಡ್ತಾ ನಾನು ಮಾತ್ರೆ ಹೊಂದಿಸ್ತೀನಿ" ಅಂದರು.

ಹಿಡಿ ಯಾರದ್ದು ಎಂಬುದು ಪ್ರಶ್ನೆ. ನನ್ನ ಕೈ ಮೊರದಗಲ. ಅಕ್ಕನ ಕೈಯಲ್ಲೇ ಅಳೆಸಿದೆ. ಆ ಅಳತೆಯ ಒಂದು ಬಟ್ಟಲು ಹುಡುಕಿ ಬೇರೆ ಇಟ್ಟೆ. ಅದನ್ನು ಯಾರೂ ಮುಟ್ಟುವಂತಿಲ್ಲ, ನಾನೂ ಸೇರಿ.

ಏಪ್ರಿಲ್ 2

ರಿಪೋರ್ಟ್ ಪರವಾಗಿಲ್ಲ. ಇಂಜೆಕ್ಷನ್ ನಿಂತಿತು. ಹಿಗ್ಗುವುದಿಲ್ಲ. ಹಿಗ್ಗಿದಾಗಲೇ ಕೆಡಿಸಿದ್ದು.

ಬಟ್ಟಲು ಅದೇ. ಉಳಿದದ್ದು ದಿನಕ್ಕೊಂದು ಬಗೆ: ಕ್ಯಾರೆಟ್, ಕುಂಬಳಕಾಯಿ, ಕಾಳು, ಈರುಳ್ಳಿ. ಬ್ರೆಡ್ಡೂ ಇದೆ. ಅದನ್ನು ಕಿತ್ತುಕೊಂಡರೆ ಅಕ್ಕ ನನ್ನನ್ನೇ ಕತ್ತರಿಸುತ್ತಾಳೆ.

ಏಪ್ರಿಲ್ 6

ಶೆಡ್ಡಿನಿಂದ ಬರುವಾಗ ತಡವಾಯಿತು. ದಣಿದು ಹೋಗಿದ್ದೆ. ಬೇಳೆ ಬೇಯಿಸಿ ಬಡಿಸಿದೆ. ಅಕ್ಕ ತಟ್ಟೆ ಮುಟ್ಟದೆ ಕೂತಳು.

"ಏನಕ್ಕ? ಉಪ್ಪು ಜಾಸ್ತಿಯಾಯ್ತಾ?"

"ನನ್ ಹಿಡಿ ಎಲ್ಲೋ?"

ಎದ್ದು ಸೊಪ್ಪು ಬಿಡಿಸಿದೆ. ಅಷ್ಟು ಹೊತ್ತೂ ಕಾದಳು.

ಏಪ್ರಿಲ್ 16, ಮಂಗಳವಾರ, ಸಂಜೆ

ಹದಕ್ಕೆ ಬಂದು ನಿಂತಿದೆ. ಕಳೆದ ಸಲವೂ ಇಷ್ಟೇ, ಈ ಸಲವೂ ಇಷ್ಟೇ. ಡಾಕ್ಟರ್ ನಕ್ಕರು. ಮಿಷನ್ ತುಳಿಯಬಹುದು, ಸ್ವಲ್ಪ ಹೊತ್ತು, ನಡುನಡುವೆ ಎದ್ದು ಓಡಾಡಬೇಕು. ಮಾತ್ರೆ, ಪರೀಕ್ಷೆ ಇನ್ನೂ ಇವೆ. ಇರಲಿ. ನಾನೂ ಇದ್ದೇನೆ.

ಬಂದವಳೇ ಕೈಕಾಲು ತೊಳೆದು ಮಿಷನ್ನಿನ ಹೊದಿಕೆ ಎಳೆದಳು. ಎಣ್ಣೆ ಬಿಟ್ಟಳು. ಈಗ ಪಕ್ಕದ ಕೋಣೆಯಲ್ಲಿ ಟಕಟಕ ಸದ್ದು. ಎಷ್ಟು ದಿನವಾಗಿತ್ತು...

ನಿಂತಿತು.

ಪೆನ್ ಬಿಸಾಕಿ ಓಡಿದೆ. ದಾರ ತುಂಡಾಗಿತ್ತು, ಅಷ್ಟೆ. "ಹೀಗ್ಯಾಕೋ ಬಿಳಿಚ್ಕೊಂಡಿದೀಯ? ಪೋಣಿಸ್ಕೊಡು, ನನಗೆ ಕಾಣ್ತಿಲ್ಲ." ಪೋಣಿಸಿಕೊಟ್ಟು ಬಂದೆ. ಹೊಲಿಯುತ್ತಿರುವುದು ನನಗೆ ಏಪ್ರನ್ ಅಂತೆ.

ಮತ್ತೆ ಟಕಟಕ. ಇವತ್ತಿನ ಸೊಪ್ಪು ಇನ್ನೂ ಬಿಡಿಸಿಲ್ಲ. ಇವತ್ತು ಇಷ್ಟು ಖುಷಿಯಾಗಿದೆ, ಬಟ್ಟಲಿಗೆ ಇನ್ನೊಂದೆರಡು ಎಲೆ ಹೆಚ್ಚು ಹಾಕೋಣ ಅಂತ ಮನಸ್ಸು... ಇಲ್ಲ. ಒಂದು ಹಿಡಿ. ಅವಳ ಕೈಯಳತೆಯಲ್ಲಿ, ಬರೀ ಒಂದು.