ಹನ್ನೆರಡು ಹುದ್ದೆ ಖಾಲಿ

ದೇವನಹಳ್ಳಿ
ಶನಿವಾರ, ೧೪ ಜೂನ್ ೨೦೨೫

ನನ್ನ ಬಾಯಿಬಡುಕಿ ಅಕ್ಷತಳಿಗೆ, ನಿನ್ನ ಪ್ರಮೋದಾಳ ನೆನಪುಗಳು.

ಈ ಕಾಲದಲ್ಲೂ ಕಾಗದ ಬರೆಯುವ ಅಜ್ಜಿ ಎಂದು ನಗಬೇಡ. ಮೆಸೇಜ್ ಹಾಕಿದರೆ ಆ ಕ್ಷಣವೇ ಫೋನ್ ಮಾಡುವವಳು ನೀನು. ಈ ವಿಷಯದಲ್ಲಿ ಫೋನಿನ ಮಾತು ಬೇಡ. ಮೂರ್ತಿ ಮಾವ ಹಾಲಿನ ವ್ಯಾನಿನಲ್ಲಿ ನಿಮ್ಮೂರು ದೊಡ್ಡಬೆಳವಂಗಲಕ್ಕೆ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ನನ್ನ ಕೋಳಿಕಾಲು ಬರಹ ನಿನಗೆ ಗೊತ್ತು, ಅದೊಂದನ್ನೇ ನಂಬು. ಸೋಮವಾರ ಸಂದರ್ಶನಕ್ಕೆ ಬರಬೇಡ.

ನಮ್ಮದು ವೆಬ್‌ಸೈಟ್ ಮಾಡಿಕೊಡುವ ಆಫೀಸು, ಟೈರ್ ಅಂಗಡಿಯ ಮೇಲಿನ ಮಹಡಿ. ‘ಬೆಳೆಯುತ್ತಿರುವ ಸಂಸ್ಥೆ, ಹನ್ನೆರಡು ಹುದ್ದೆ ಖಾಲಿ’ ಎಂದು ವಾರವಾರವೂ ಜಾಹೀರಾತು ಹಾಕುತ್ತಿದ್ದವಳು ನಾನೇ. ಆದರೆ ಅಲ್ಲಿರುವುದೇ ಎಂಟು ಕುರ್ಚಿ. ಒಂಬತ್ತನೆಯದು ಬಂದದ್ದನ್ನು ನಾನು ಕಂಡಿಲ್ಲ.

ಸೇರಿದ ದಿನ ನನ್ನನ್ನು ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕೂರಿಸಿ ಅರ್ಧ ದಿನ ಏನೇನೋ ಓದಿಸಿದರು. ನಗು ಅಂದರು, ನಕ್ಕೆ. ಗೆಳತಿಯನ್ನು ಕರೆಯುವ ಹಾಗೆ ಕರಿ ಅಂದರು, ನಿನ್ನ ಹೆಸರು ಹಿಡಿದು ಕರೆದೆ. ಒಳ್ಳೆಯ ಮಾತುಗಾರರಿದ್ದರೆ ನಂಬರ್ ಕೊಡಿ ಎಂದು ಫಾರಂನಲ್ಲಿತ್ತು. ನಿನ್ನದನ್ನು ಬರೆದುಕೊಟ್ಟೆ. ತಪ್ಪಾಯಿತು ಕಣೇ.

ನನ್ನನ್ನು ಅಲ್ಲಿಗೆ ಕರೆದವಳು ಹರ್ಷಿತ, ಕಾಲೇಜಿನಲ್ಲಿ ನಮ್ಮ ಹಿಂದಿನ ಬೆಂಚಿನವಳು. ದಿನಾ ಫೋನ್ ಮಾಡಿ ‘ಬಾರೇ, ಚೆನ್ನಾಗೈತೆ’ ಎನ್ನುತ್ತಿದ್ದಳು. ನಾನು ಸೇರುವ ಹೊತ್ತಿಗೆ ಅವಳು ಕೆಲಸ ಬಿಟ್ಟಾಗಿತ್ತು, ಫೋನೂ ನಿಂತಿತು. ಕಳೆದ ಭಾನುವಾರ ಮೈಸೂರುಪಾಕು ಹಿಡಿದು ನಮ್ಮ ತಾಲ್ಲೂಕಿನ ಚನ್ನರಾಯಪಟ್ಟಣದ ಅವಳ ಮನೆಗೆ ಹೋದೆ. ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು. ಕೆಲಸ ಕೊಡಿಸಿದೆಯಲ್ಲ, ಥ್ಯಾಂಕ್ಸ್ ಎಂದರೆ ಸುಮ್ಮನೆ ನೋಡಿದಳು. ಅವಳ ತಾಯಿ ಮುನಿಲಕ್ಷ್ಮಮ್ಮನವರೇ ಹೇಳಿದರು: ‘ಯಾವ ಫೋನವ್ವಾ? ಆ ಕೆಲ್ಸ ಬಿಟ್ಟ ದಿನಾನೇ ಇವ್ಳಿಗೆ ಮಾತು ನಿಂತೋಯ್ತು. ಡಾಕ್ಟ್ರು ಏನೂ ಇಲ್ಲ ಅಂತಾರೆ.’ ಹರ್ಷಿತ ಹುಳುವಿನ ತಟ್ಟೆಗೆ ಹಾಸುವ ಪೇಪರಿನ ಅಂಚಿನಲ್ಲಿ ಬರೆದು ತೋರಿಸಿದಳು: ‘ನಾನು ನಿನಗೆ ಫೋನೇ ಮಾಡಿಲ್ಲ.’

ಗುರುವಾರ ರಾಜೀನಾಮೆ ಕೊಟ್ಟೆ. ಮಾಲೀಕರು ಭೀಮರಾಜ್ ಸರ್ ಒಂದು ಮಾತೂ ಬೈಯಲಿಲ್ಲ. ‘ಹೋಗ್ಬಾಮ್ಮ, ನಮಗೆ ಬೇಕಾದ್ದು ಸಿಕ್ಕೈತೆ’ ಎಂದರು. ಹೊರಡುವಾಗ ಖಾಲಿ ಗಾಜಿನ ಕೋಣೆಯಲ್ಲಿ ಯಾರೋ ನಕ್ಕರು. ನನ್ನ ನಗುವೇ ಅನ್ನಿಸಿತು. ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಕೆಳಗಿಳಿದೆ.

ನನಗೆ ಭಯವಾಗಿದೆ, ಅಕ್ಷತ. ನೀನು ಸೋಬಾನೆ ಎತ್ತಿದರೆ ಇಡೀ ಮದುವೆ ಚಪ್ಪರ ಗಲಾಟೆ ನಿಲ್ಲಿಸುತ್ತದೆ. ಆ ದನಿಯನ್ನು ಅಲ್ಲಿ ಬಿಟ್ಟು ಬರಬೇಡ. ಅವರು ಓದು ಎಂದರೆ ಓದಬೇಡ, ನಗು ಎಂದರೆ ನಗಬೇಡ; ಅದಕ್ಕಿಂತ, ಬರಲೇಬೇಡ. ನನ್ನ ಚಿಂತೆ ಬಿಡು. ಗಂಟಲು ಸ್ವಲ್ಪ ಕಟ್ಟಿದೆ ಅಷ್ಟೇ, ಅಮ್ಮ ಕಷಾಯ ಕಾಯಿಸಿದ್ದಾಳೆ.

ನಿನ್ನ
ಪ್ರಮೋದಾ

ತಾ.ಕ.: ಈಗ ತಾನೇ ನಿನ್ನ ಮೆಸೇಜ್ ಬಂತು. ನಿನ್ನೆ ಸಂಜೆ ನಾನು ಫೋನ್ ಮಾಡಿ ಒಂದು ಗಂಟೆ ಧೈರ್ಯ ಹೇಳಿದೆನಂತೆ, ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವಂತೆ, ಸೋಮವಾರ ಬಂದೇ ಬರುತ್ತೀಯಂತೆ. ಗಂಟಲು ಕಟ್ಟಿದೆ ಎಂದು ಮೇಲೆ ಬರೆದದ್ದು ಸುಳ್ಳು. ಗುರುವಾರದಿಂದ ನಾನು ಅಮ್ಮನನ್ನು ಲೋಟ ಬಡಿದು ಕರೆಯುತ್ತಿದ್ದೇನೆ.