ಮೊದಲ ತಟ್ಟೆ ಯಾರಿಗೆ

ಏಪ್ರಿಲ್ 3. ಬೆಳಗ್ಗೆ ಐದೂವರೆ

ಟೆಂಟಿನ ಒಳಗೆಲ್ಲ ಇಬ್ಬನಿ. ಎದ್ದು ಕೂತರೆ ಹಣೆಗೆ ತಣ್ಣೀರು. ಬೆಂಕಿ ಹಚ್ಚಬಾರದೆಂದು ಬೋರ್ಡು. ದೇವರ ಪಟಕ್ಕೆ ಟಾರ್ಚೇ ದೀಪ. ನಿಂತು ಕೈಮುಗಿಯಲು ಎತ್ತರ ಸಾಲದು. ಕೂತೇ ಮುಗಿದೆ. ಅವನಿಗೆ ತಿಳಿಯುತ್ತದೆ.

ಕೆರೆ ದಂಡೆಯ ಈ ಹೋಟೆಲು ತುಂಬುವುದು ವರ್ಷಕ್ಕೆ ಎರಡೇ ತಿಂಗಳು. ಬಡಿಸುವವರಿಗೆ ದಂಡೆಯಲ್ಲೇ ಟೆಂಟು, ಹತ್ತು ದಿನ ಟ್ರಯಲ್. ಇವತ್ತು ನಾಲ್ಕನೆಯದು. ಪಾಸಾದರೆ ಸೀಸನ್ ಮುಗಿಯುವ ತನಕ ಕೆಲಸ. ಇಲ್ಲವಾದರೆ ಮತ್ತೆ ಅಣ್ಣನ ಮನೆ. ಗಂಡ ಹೋದ ಮೇಲೆ ಇಪ್ಪತ್ತೆರಡು ವರ್ಷ ಅಲ್ಲೇ ಬೇಯಿಸಿ ಬಡಿಸಿದೆ. ಹೊರಡುವಾಗ ಅತ್ತಿಗೆ ನಕ್ಕಳು: "ವಾರಕ್ಕೇ ವಾಪಸ್ ಬರ್ತೀಯ. ನಿನ್ನ ಹಾಸಿಗೆ ಮಡಚೋದೂ ಇಲ್ಲ ನಾನು."

ಮಂಡಿ ನೋವು... ಇರಲಿ. ಐವತ್ತಾಯಿತು.

ಏಪ್ರಿಲ್ 4. ಮಧ್ಯಾಹ್ನ, ಬ್ರೇಕ್

ಬೈಸಿಕೊಂಡೆ.

ಐದನೇ ಮೇಜಿಗೆ ಒಬ್ಬ ಅಜ್ಜ, ಮೊಮ್ಮಗಳು. ಹುಡುಗಿಯ ನೂಡಲ್ಸ್ ಮೊದಲು ಬಂತು. ಅಜ್ಜನ ಸೂಪ್ ಇನ್ನೂ ಒಲೆಯ ಮೇಲೆ. ಹಿರಿಯರ ಮುಂದೆ ಬರೀ ಮೇಜಿಟ್ಟು ಮಕ್ಕಳಿಗೆ ಬಡಿಸಲು ಕೈ ಬರಲಿಲ್ಲ. ಕಾದೆ. ನೂಡಲ್ಸ್ ಆರಿ ಹಗ್ಗವಾಯಿತು.

ಮ್ಯಾನೇಜರನ್ನು ಎಲ್ಲರೂ ಗಡಿಯಾರ ಅನ್ನುತ್ತಾರೆ, ನಿಮಿಷಕ್ಕೊಮ್ಮೆ ಕೈ ನೋಡಿಕೊಳ್ಳುತ್ತಾರೆಂದು. ಬದಿಗೆ ಕರೆದರು. "ಇದು ನಿಮ್ಮನೆ ಊಟ ಅಲ್ಲಮ್ಮ. ಯಾವ್ದು ಮೊದ್ಲು ಆಗುತ್ತೋ ಅದು ಮೊದ್ಲು ಹೋಗ್ಬೇಕು. ಇನ್ನೊಂದ್ಸಲ ಹೀಗಾದ್ರೆ ಟೆಂಟು ಬಿಚ್ಕೊಳ್ಳಿ."

ಅವರು ಹೇಳಿದ್ದೂ ಸರಿ. ಆರಿದ್ದು ಆರಿದ್ದೇ. ಆದರೂ ಮನಸ್ಸು ಒಪ್ಪುವುದಿಲ್ಲ.

ಏಪ್ರಿಲ್ 5. ಬೆಳಗ್ಗೆ

ಅಡುಗೆಯವರನ್ನು ಕೇಳಿದೆ, ಯಾವುದನ್ನು ಮೊದಲು ಮಾಡುತ್ತೀರಿ ಎಂದು. ಆರ್ಡರ್ ಚೀಟಿಯ ಮೇಲುಗಡೆ ಏನಿದೆಯೋ ಅದನ್ನೇ ಅಂದರು.

ಇಷ್ಟೇನಾ! ಹಿರಿಯರ ಊಟವನ್ನು ಚೀಟಿಯ ತಲೆಗೆ ಬರೆದರೆ ಮುಗಿಯಿತು. ಕಾಯುವುದೂ ಇಲ್ಲ, ಆರುವುದೂ ಇಲ್ಲ. ಬಾಲ ಹಿಡಿದು ಎಳೆಯುತ್ತಿದ್ದೆ. ದೇವರು ಮೂಗುದಾರ ತೋರಿಸಿದ.

ಏಪ್ರಿಲ್ 8. ಮಧ್ಯಾಹ್ನ ನಾಲ್ಕು

ಕಾಲು ಬಾತಿದೆ. ನಗು ನಿಲ್ಲುತ್ತಿಲ್ಲ.

ದೊಡ್ಡ ಮೇಜು ನೋಡುವ ಹುಡುಗಿಗೆ ಜ್ವರ. ಗಡಿಯಾರ ಬೇರೆ ದಾರಿ ಕಾಣದೆ ನನ್ನನ್ನು ನಿಲ್ಲಿಸಿದರು. ಇಪ್ಪತ್ತೆರಡು ಜನ, ಒಂದೇ ಕುಟುಂಬ. ಪ್ರತಿಯೊಬ್ಬರನ್ನೂ ಕೇಳಿದೆ: ನಿಮಗಿಂತ ದೊಡ್ಡವರು ಯಾರು? ಇಬ್ಬರು ಅಕ್ಕತಂಗಿಯರು ಜಗಳಕ್ಕೇ ಬಿದ್ದರು — ಇಬ್ಬರೂ ತಾನೇ ತಂಗಿ ಅಂತ. ಅವರ ತಾಯಿಯೇ ತೀರ್ಪು ಹೇಳಬೇಕಾಯಿತು. ಮೇಜೆಲ್ಲ ನಗು. ಅಷ್ಟರಲ್ಲಿ ಚೀಟಿ ಅಡುಗೆಮನೆಯಲ್ಲಿ.

ಅಜ್ಜಿಯ ತಟ್ಟೆ ಮೊದಲು. ಆಮೇಲೆ ಮೆಟ್ಟಿಲಿಳಿದ ಹಾಗೆ ಎಲ್ಲರದೂ. ಅಜ್ಜಿ ಚಮಚ ಎತ್ತುವ ತನಕ ಆ ಮನೆಯಲ್ಲಿ ಯಾರೂ ಬಾಯಿಗಿಡುವುದಿಲ್ಲವಂತೆ. ನಿನ್ನೆ ಅವರು ಬಂದಾಗ ಅಜ್ಜಿಯದು ಕೊನೆಗೆ ಬಂದು, ಎಲ್ಲರೂ ತಣ್ಣಗಿನದನ್ನೇ ತಿಂದರಂತೆ. ಇವತ್ತು ಒಂದು ತಟ್ಟೆಯೂ ವಾಪಸ್ ಬರಲಿಲ್ಲ.

ಹೊರಡುವಾಗ ಅಜ್ಜಿ ಕೈ ಹಿಡಿದುಕೊಂಡರು. "ನಿಂದು ಊಟ ಆಯ್ತೇನಮ್ಮ?"

ನಾಳೆ, ನಾಡಿದ್ದೂ ಬರುತ್ತಾರಂತೆ. ಬಡಿಸಲು ಅದೇ ಅಮ್ಮ ಇರಬೇಕು ಎಂದು ಹೇಳಿ ಹೋದರಂತೆ.

ಏಪ್ರಿಲ್ 9. ಸಂಜೆ

ಅಣ್ಣ ಬಂದಿದ್ದ. ಹೇಳದೆ ಕೇಳದೆ. ನನ್ನ ಸಾಮಾನು ತುಂಬಲು ಖಾಲಿ ಚೀಲ ಸಮೇತ. ಅತ್ತಿಗೆಗೆ ಸೊಂಟನೋವಂತೆ, ಮನೆಯಲ್ಲಿ ಯಾವುದೂ ನಡೆಯುತ್ತಿಲ್ಲವಂತೆ. ಟೆಂಟಿನೊಳಗೆ ಬಗ್ಗಿ ನೋಡಿದ. "ಇದ್ರಲ್ಲಿ ಮಲಗ್ತೀಯಾ? ಜನ ಏನಂತಾರೆ?"

"ಜನ ಯಾರೂ ನೋಡಿಲ್ಲ ಅಣ್ಣ. ನೀನೇ ಮೊದಲು."

ಕಿಟಕಿ ಬದಿಯ ಮೇಜಿಗೆ ಕೂರಿಸಿದೆ. ಏನು ಬೇಕೆಂದು ಕೇಳಿದೆ. ತಬ್ಬಿಬ್ಬಾದ — ಮನೆಯಲ್ಲಿ ಕೇಳುತ್ತಲೇ ಇರಲಿಲ್ಲವಲ್ಲ, ಬಡಿಸುತ್ತಿದ್ದೆ. ಊಟದ ನಡುವೆ ಗಡಿಯಾರ ಬಂದು ನಿಂತರು. ಕೈ ನೋಡಿಕೊಳ್ಳಲಿಲ್ಲ. "ದೊಡ್ಡ ಮೇಜು ಇನ್ಮೇಲೆ ನಿಮ್ದೇ ಅಮ್ಮ. ಸೀಸನ್ ಪೂರ್ತಿ. ಚೀಟಿ ಬರೆಯೋದು ಹುಡುಗೀರಿಗೂ ಹೇಳ್ಕೊಡಿ."

ಅಣ್ಣ ಚಮಚ ಕೆಳಗಿಟ್ಟ. ಕೇಳಿದ, "ಹಾಗಾದ್ರೆ ಮನೇಲಿ ಬಡಿಸೋರ್ಯಾರು?"

"ನಿಂಗೂ ಎರಡು ಕೈ ಕೊಟ್ಟಿದ್ದಾನಲ್ಲ ದೇವರು."

ಕೋಪ ಬರುತ್ತದೆ ಅಂದುಕೊಂಡೆ. ಬರಲಿಲ್ಲ. ಚೆನ್ನಾಗಿದೆ ಊಟ, ಅಂದ. ಹುಟ್ಟಿದಾಗಿನಿಂದ ಮೊದಲ ಸಲ. ನಾನು ಮಾಡಿದ ಅಡುಗೆಯೂ ಅಲ್ಲ ಅದು!

ಐದರ ಬಸ್ಸಿಗೆ ಹತ್ತಿಸಿ ಬಂದೆ.

ಏಪ್ರಿಲ್ 10. ಬೆಳಗ್ಗೆ

ಗಾಳಿಗೆ ಟೆಂಟಿನ ಒಂದು ಗೂಟ ಕಿತ್ತುಬಂದಿತ್ತು. ಕಲ್ಲು ತಂದು ನಾನೇ ಹೊಡೆದೆ. ಗಟ್ಟಿಯಾಗಿ ಕೂತಿದೆ.

ದೇವರೇ, ಇವತ್ತು ಬೇಡುವುದು ಏನೂ ಇಲ್ಲ. ಸುಮ್ಮನೆ ಹೇಳಿ ಹೋಗೋಣವೆಂದು ಕೂತೆ, ನಾನು ಇಲ್ಲಿ ತುಂಬ—

ಕರೆಯುತ್ತಿದ್ದಾರೆ. ಮೂವತ್ತೊಂದು ಜನವಂತೆ. ಏಪ್ರನ್ ಎಲ್ಲಿ