ಇಂಜಿನ್ನಿನ ಗಾಲಿಗೆ ನಿಂಬೆಹಣ್ಣು

ಗೆಳೆಯ ಬಸ್ಯಾ,

ಬೈಯುವುದಕ್ಕೇ ಕೂತಿದ್ದೇನೆ, ಸುಮ್ಮನೆ ಕೇಳಿಸಿಕೊ. ಬದುಕಿದ್ದಾಗ ನನಗೆ ಒಂದು ಮಾತು ಪೂರ್ತಿ ಆಡಲು ಬಿಟ್ಟವನಲ್ಲ ನೀನು. ಈಗಂತೂ ನಡುವೆ ಬಾಯಿ ಹಾಕಲಾರೆ. ಫೆಬ್ರವರಿಯ ಹಿಮದಲ್ಲಿ ನಿನ್ನನ್ನು ಕಳಿಸಿಕೊಟ್ಟೆವು. ಜುಲೈನಲ್ಲಿ ನಾನು ಜಾವಾಕ್ಕೆ ಹೋಗಿ ಬಂದೆ, ನಮ್ಮ ಆ ಸಕ್ಕರೆ ಕಾರ್ಖಾನೆಗೆ. ನೀನಿಲ್ಲದೆ ಒಬ್ಬನೇ. ಅಲ್ಲ, ಒಬ್ಬನೇ ಹೋಗಲಿಲ್ಲ, ಸಿಟ್ಟು ಇರುವುದೇ ಅಲ್ಲಿ.

ಇಲ್ಲಿ ಟೊರೊಂಟೊ ಏರ್‌ಪೋರ್ಟಿನ ಪಕ್ಕ, ಮಾಲ್ಟನ್ನಿನ ಪ್ಲಾಜಾದಲ್ಲಿ ಚಹಾ ಕುಡಿಯುತ್ತ ನೀನು ಈ ಹುಚ್ಚು ಹಚ್ಚಿದ ದಿನ ನೆನಪಿದೆಯೇ? ತಲೆಯ ಮೇಲೆ ಒಂದರ ಹಿಂದೊಂದು ವಿಮಾನ ಇಳಿಯುತ್ತಿದ್ದವು, ನೀನು ಉಗಿ ಇಂಜಿನ್ನಿನ ಮಾತು ತೆಗೆದಿದ್ದೆ. ನೀನು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವನು, ನಾನು ಮಿಸಿಸಾಗದಲ್ಲಿ ಸಿಟಿ ಬಸ್ಸು ಓಡಿಸುವವನು. ಇಬ್ಬರೂ ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಇಂಜಿನ್ನಿನ ಸಿಳ್ಳಿಗೆ ಕಣ್ಣುಜ್ಜಿಕೊಂಡು ಎದ್ದವರು. "ಈರ್ಯಾ, ದುಡಿಯೂ ಉಗಿ ಇಂಜಿನ್ ಅಂತ ಉಳದಿದ್ರ ಸಕ್ಕರಿ ಫ್ಯಾಕ್ಟರಿಯಾಗ ಅಷ್ಟ ಉಳದಾವು. ಅವೂ ಮುಚ್ಚಾಕ ಹತ್ಯಾವು. ಮುಚ್ಚೂದ್ರಾಗ ನೋಡಿ ಬರೂಣು ನಡಿ" ಅಂದೆ. ಇಲ್ಲಿಯ ಜನ ರಜೆ ಸಿಕ್ಕರೆ ಕ್ಯೂಬಾದ ಮರಳಿನಲ್ಲಿ ಮಲಗಿ ಬರುತ್ತಾರೆ. ನಾವು ಭೂಮಿಯ ಆ ತುದಿಗೆ ಹೋಗಿ, ಕಬ್ಬಿನ ಹಿಪ್ಪೆ ಉರಿಸಿ ಓಡುವ ಇಂಜಿನ್ನಿನ ಮಸಿ ಮೆತ್ತಿಸಿಕೊಂಡು ಬರುತ್ತಿದ್ದೆವು. ನಿನ್ನದು ಒಂದೇ ಕಟ್ಟಳೆ: ದುಡಿಯುವ ಇಂಜಿನ್ ಮಾತ್ರ ನೋಡುವುದು. "ಕುಣಿಸೂ ಇಂಜಿನ್ ನೋಡಾಕ ನಾವೇನ್ ಸರ್ಕಸ್ಸಿಗೆ ಬಂದೇವೇನು?"

ಜಾವಾದ ಆ ಕಾರ್ಖಾನೆಗೆ ಮೊದಲ ಸಲ ಹೋದಾಗ ಅಲ್ಲಿಯ ಇಂಜಿನ್ ನಮ್ಮ ಕಣ್ಣೆದುರೇ ಹಳಿ ತಪ್ಪಿತ್ತು. ಎತ್ತಿ ಕೂರಿಸಿದರೆ ಮತ್ತೆ ತಪ್ಪಿತು. ಡ್ರೈವರ್ ಸರ್ನೊ ತಲೆಯ ಮೇಲೆ ಕೈ ಹೊತ್ತು ಕೂತಿದ್ದ, ಹಿಂದೆ ಕಬ್ಬು ಬಿಸಿಲಿಗೆ ಒಣಗುತ್ತಿತ್ತು. ನೀನೋ, "ದೃಷ್ಟಿ ಆಗೇತಿ" ಅಂದವನೇ ಗೇಟಿನ ಬಳಿಯ ಸೂಪಿನ ಗಾಡಿಗೆ ಹೋಗಿ ನಿಂಬೆಹಣ್ಣು ತಂದು ಗಾಲಿಗಳ ಮುಂದೆ ಇಟ್ಟೆ. ಹೊಸ ಕರೋಲಾ ಕಾರು ಕೊಂಡಾಗ ಡೀಲರನ ಅಂಗಳದಲ್ಲಿ ಇಟ್ಟೆಯಲ್ಲ, ಹಾಗೇ. ಸರ್ನೊ ಮುಸಲ್ಮಾನ. ಏನೆಂದುಕೊಳ್ಳುತ್ತಾನೋ ಎಂದು ನಾನು ಬೆವರುತ್ತಿದ್ದರೆ, ಅವನು ನಿನ್ನ ಮುಖ ನೋಡಿದ, ನಿಂಬೆಹಣ್ಣು ನೋಡಿದ, ನಕ್ಕ, ಇಂಜಿನ್ ಬಿಟ್ಟ. ಅವತ್ತು ಸಂಜೆಯವರೆಗೆ ಅದು ಹಳಿ ಬಿಟ್ಟು ಕದಲಲಿಲ್ಲ. ನಿನ್ನ ಗರ್ವವನ್ನು ಟೊರೊಂಟೊ ಮುಟ್ಟುವ ತನಕ ನಾನೇ ಸಹಿಸಿಕೊಳ್ಳಬೇಕಾಯಿತು.

ಈ ಸಲ ಹೊರಡುವಾಗ ನಿನ್ನ ಹೆಂಡತಿ, ನನ್ನ ಕಸ್ತೂರಿ ವೈನಿ, ನಿಮ್ಮ ದೇವರ ಜಗುಲಿಯಿಂದ ವಿಭೂತಿ ಗಟ್ಟಿಯನ್ನು ತಂದು ನನ್ನ ಅಂಗೈಯಲ್ಲಿಟ್ಟರು. ನೀನು ದಿನಾ ಹಚ್ಚಿಕೊಳ್ಳುತ್ತಿದ್ದುದು, ನಿನ್ನ ಬೆರಳಿಗೆ ಸವೆದಿದ್ದು. "ಇಂಜಿನ್ನಿಗೆ ಇದನ್ನ ಹಚ್ಚಿ ಬರ್ರಿ, ಈರಣ್ಣ. ಅವರು ಮತ್ತೊಮ್ಮೆ ಹೋಗಬೇಕು ಅಂತಿದ್ರು" ಎಂದರು. ಅಷ್ಟೇ ಬಸ್ಯಾ, ಹೆಚ್ಚೇನೂ ಕೇಳಲಿಲ್ಲ. ಅಷ್ಟನ್ನು ನಡೆಸಿಕೊಡಲು ಇಷ್ಟೆಲ್ಲ ರಾಮಾಯಣ ಆಗಬೇಕಿತ್ತೇ?

ನೀನು ಹೇಳಿದ್ದು ನಿಜವಾಗಿತ್ತು, ಕಾರ್ಖಾನೆ ಮುಚ್ಚುವ ಹಂತಕ್ಕೆ ಬಂದಿತ್ತು. ಕಬ್ಬೆಲ್ಲ ಲಾರಿಯಲ್ಲಿ ಹಿಂದಿನ ಗೇಟಿಗೆ ಬರುತ್ತಿತ್ತು. ಇಂಜಿನ್ನಿಗೆ ಬೆಂಕಿ ಹಾಕುತ್ತಿದ್ದುದು ಫೋಟೋದವರು ಗುಂಪು ಕಟ್ಟಿಕೊಂಡು ಬಂದಾಗ ಮಾತ್ರ. ಹಾಗಾಗಿ ನಾನೂ ಟೊರೊಂಟೊದ ಒಂದು ಗುಂಪಿಗೆ ಸೇರಿದೆ. ಅದರ ಮುಖಂಡ ಕೀತ್ ಅಂತ, ಜೇಬುಗಳೇ ತುಂಬಿದ ಅಂಗಿಯವನು. ಅವನು ಮಾಡಿಸಿದ್ದನ್ನು ಹೇಳುತ್ತೇನೆ, ಕೇಳು. ಖಾಲಿ ಗಾಡಿಗಳಿಗೆ ಮೇಲೆ ಮೇಲೆ ಮಾತ್ರ ಕಬ್ಬು ಹರಡಿಸಿದ. ಅದನ್ನೇ ಒಂದು ತಿರುವಿನಲ್ಲಿ ಮುಂದೆ ಹಿಂದೆ, ಮುಂದೆ ಹಿಂದೆ ಓಡಿಸಿದ. ಹೊಗೆ ಸಾಲದು ಎಂದು ಒದ್ದೆ ಹಿಪ್ಪೆ ಹಾಕಿಸಿದ. ಸರ್ನೊನ ಫುಟ್‌ಬಾಲ್ ಜೆರ್ಸಿ ತೆಗೆಸಿ, ತಾನೇ ತಂದಿದ್ದ ಹುಲ್ಲಿನ ಟೋಪಿ ತಲೆಗೇರಿಸಿದ. ಮಗಳನ್ನು ಶಾಲೆಯಿಂದ ಕರೆದುಕೊಂಡು ಬರುತ್ತಿದ್ದ ಹೆಂಗಸಿನ ಗುಲಾಬಿ ಸ್ಕೂಟರು ಫೋಟೋದಲ್ಲಿ ಬರುತ್ತದೆಂದು ಅವಳನ್ನು ಅವಳ ಊರಿನ ದಾರಿಯಲ್ಲೇ ನಿಲ್ಲಿಸಿದ. ಅವರ ಊರು, ಅವರ ದಾರಿ, ಇವನು ಯಾರು ತಡೆಯಲು? ಹುಬ್ಬಳ್ಳಿಯಲ್ಲಿ ಯಾರಾದರೂ ನಮ್ಮವ್ವನನ್ನು ಹೀಗೆ ನಿಲ್ಲಿಸಿದ್ದರೆ ನೀನು ಅವನ ಕ್ಯಾಮೆರಾವನ್ನು...

ಅದೇ ದಿನ ಬೆಳಿಗ್ಗೆ ಇಂಜಿನ್ ಹೊರಡುವ ಮುಂಚೆ ಅದರ ಮುಖಕ್ಕೆ ನಿನ್ನ ವಿಭೂತಿಯನ್ನು ಮೂರೆಳೆ ಹಚ್ಚಿದ್ದೆ. ಕಪ್ಪು ಹಣೆಯ ಮೇಲೆ ಬೆಳ್ಳಗೆ ಎಷ್ಟು ಚಂದ ಕಾಣುತ್ತಿತ್ತು ಗೊತ್ತೇ, ನೀನೇ ಸ್ನಾನ ಮಾಡಿ ಬಂದು ನಿಂತ ಹಾಗೆ. ಕೈ ಮುಗಿದು ತಿರುಗುವಷ್ಟರಲ್ಲಿ ಕೀತ್ ಎಣ್ಣೆ ಬಟ್ಟೆ ತೆಗೆದುಕೊಂಡು ಒರೆಸಿಬಿಟ್ಟ. "ಸಾರಿ, ಇಟ್ಸ್ ನಾಟ್ ಆಥೆಂಟಿಕ್" ಅಂದ. ಹುಲ್ಲಿನ ಟೋಪಿ ತಂದವನು, ಬಸ್ಯಾ. ನನ್ನ ಮೈಯೆಲ್ಲ ಉರಿದುಹೋಯಿತು. ಇದು ನನ್ನ ಗೆಳೆಯನದು, ಅವನು ತೀರಿಕೊಂಡಿದ್ದಾನೆ ಎಂದೆ. ಫೋಟೋದ ಬೆಳಕು ಹೋಗುತ್ತದೆ ಎಂದ ಕೀತ್.

ನನ್ನ ಜೋರು ದನಿ ಕೇಳಿ ಸರ್ನೊ ಇಳಿದು ಬಂದ. ನೀನು ಎಲ್ಲಿ ಎಂದು ಕೈಯಲ್ಲೇ ಕೇಳಿದ. ನಾನು ಆಕಾಶ ತೋರಿಸಿದೆ. ಆ ಟೋಪಿ ತೆಗೆದು ಎದೆಗಿಟ್ಟುಕೊಂಡವನು, ಕೀತ್ ಕಡೆ ತಿರುಗಿ "ನೋ ಲೆಮನ್, ನೋ ಗೋ" ಎಂದು ಇಂಜಿನ್ನಿನ ಮೆಟ್ಟಿಲ ಮೇಲೆ ಕೂತುಬಿಟ್ಟ. ಬೆಂಕಿಗೆ ಹಿಪ್ಪೆ ಹಾಕುವವನು ಸೂಪಿನ ಗಾಡಿಯ ಕಡೆ ಓಡಿದ. ಕೇಳಿದೆಯಾ, ಆವತ್ತಿನಿಂದ ಅವರು ನಿಂಬೆಹಣ್ಣು ಇಡದೆ ಗಾಡಿ ಬಿಟ್ಟೇ ಇಲ್ಲವಂತೆ. "ಕೆನಡಾ ಕಸ್ಟಮ್" ಎಂದು ಸರ್ನೊ ನನಗೆ ಹೆಮ್ಮೆಯಿಂದ ವಿವರಿಸಿದ. ಕೆನಡಾದಲ್ಲಿ ರೈಲು ಹೊರಡುವಾಗಲೆಲ್ಲ ಹೀಗೆ ಮಾಡುತ್ತಾರೆಂದು ಅವನ ನಂಬಿಕೆ. ನಾನು ತಿದ್ದಲಿಲ್ಲ. ಕೀತ್ ಕೂಡ ಕೇಳಿಸಿಕೊಳ್ಳಬಹುದಿತ್ತು, ಆದರೆ ಅವನು ನೆಲಕ್ಕೆ ಬಗ್ಗಿ ನಿಂಬೆಹಣ್ಣಿನ ಫೋಟೋ ತೆಗೆಯುವುದರಲ್ಲಿದ್ದ.

ಆ ಫೋಟೋ ನವೆಂಬರಿನಲ್ಲಿ ಮಿಸಿಸಾಗದ ಒಂದು ಚರ್ಚಿನ ಬೇಸ್‌ಮೆಂಟಿನಲ್ಲಿ ಗೋಡೆ ತುಂಬ ಮೂಡಿತು. ಗುಂಪಿನವರ ಸ್ಲೈಡ್ ಶೋ, ಇಂಜಿನ್ ನೋಡಲಿ ಎಂದು ವೈನಿಯನ್ನೂ ಕರೆದುಕೊಂಡು ಹೋಗಿದ್ದೆ. ಕೀತ್ ದನಿ ತಗ್ಗಿಸಿ, ಇದು ಜಾವಾದ ಸಾವಿರಾರು ವರ್ಷಗಳ ಪುರಾತನ ಆಚರಣೆ ಎಂದ. ವಿಭೂತಿ ಒರೆಸಿದ ಕೈಯಲ್ಲೇ ಕೋಲು ಹಿಡಿದು ನಿಂಬೆಹಣ್ಣು ತೋರಿಸುತ್ತಿದ್ದ. ನಾನು ಎದ್ದು ನಿಂತೆ. ಇದನ್ನು ಶುರು ಮಾಡಿದವನು ಮಾಲ್ಟನ್ನಿನ ಬಸವರಾಜ, ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ, ಆಗ ನಾನು ಪಕ್ಕದಲ್ಲೇ ಇದ್ದೆ ಎಂದೆ. ಕೀತ್ ಮಕ್ಕಳನ್ನು ನೋಡಿ ನಗುವ ಹಾಗೆ ನಕ್ಕು, ಇದು ಅದಕ್ಕಿಂತ ಬಹಳ ಹಳೆಯದು ಎಂದು ಮುಂದಿನ ಚಿತ್ರಕ್ಕೆ ಹೋದ. ನಿನ್ನ ಹೆಸರು ಆ ಹಾಲಿನಲ್ಲಿ ಯಾರ ಕಿವಿಗೂ ಬೀಳಲಿಲ್ಲ. ನಾನು ಇನ್ನೂ ಕೂಗಾಡುವವನಿದ್ದೆ. ವೈನಿ ನನ್ನ ಕೋಟಿನ ತೋಳು ಜಗ್ಗಿದರು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. "ಕುಂದರ್ರಿ ಈರಣ್ಣ. ಹೋಗಿ ಇನ್ನೂ ವರ್ಷ ತುಂಬಿಲ್ಲ, ಆಗಲೇ ಸಾವಿರ ವರ್ಷದ ಹಿಂದಿನವ್ರಾಗಿ ಬಿಟ್ರು ನೋಡ್ರಿ ನಿಮ್ಮ ಗೆಳ್ಯಾ."

ಕೂತೆ. ಆದರೆ ಸಿಟ್ಟು ಕೂರಲಿಲ್ಲ. ಒಬ್ಬ ಮನುಷ್ಯ ಒಂದು ಒಳ್ಳೆಯ ಕೆಲಸ ಬಿಟ್ಟು ಹೋದರೆ ಅದಕ್ಕೆ ಅವನ ಹೆಸರು ಇರಬಾರದೇ? ಯಾರಿಗೆ ಏನು ಕಡಿಮೆಯಾಗುತ್ತಿತ್ತು?

ಈಗ ಸುದ್ದಿ, ಅದಕ್ಕೇ ಈ ಪತ್ರ. ಹೋದ ವಾರ ಸರ್ನೊ ಫೋನಿಗೆ ಎರಡು ಫೋಟೋ ಕಳಿಸಿದ್ದಾನೆ. ಕಾರ್ಖಾನೆ ಮುಚ್ಚಿತು. ಮೊದಲನೆಯದರಲ್ಲಿ ನಮ್ಮ ಇಂಜಿನ್ ಕೆಂಪು ಹಸಿರು ಬಣ್ಣ ಬಳಿಸಿಕೊಂಡು ಗೇಟಿನಲ್ಲಿ ನಿಂತಿದೆ, ಜನ ಒರಗಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದಾರೆ. ಅದರ ಗಾಲಿಯ ಮುಂದೆ ಏನೂ ಇಲ್ಲ. ಎರಡನೆಯದು ಲಾರಿ. ಹೌದು, ನೀನು ಕಂಡಲ್ಲಿ ಮೂಗು ಮುರಿಯುತ್ತಿದ್ದ ಅದೇ ಕಬ್ಬಿನ ಲಾರಿ. ಸರ್ನೊ ಈಗ ಅದರಲ್ಲಿ ದೂರದ ಬೇರೆ ಕಾರ್ಖಾನೆಗೆ ಕಬ್ಬು ಹೊಡೆಯುತ್ತಾನೆ. ಟೈರುಗಳ ಮುಂದೆ ಸಾಲಾಗಿ ನಿಂಬೆಹಣ್ಣು. ಕೆಳಗೆ ಅವನ ಭಾಷೆಯಲ್ಲಿ ಏನೋ ಬರೆದಿದ್ದ, ನನಗೆ ಓದಲು ಬಂದಿದ್ದು ಎರಡೇ ಪದ: ಕೆನಡಾ, ಬಸ್ಯಾ.

ವೈನಿಗೆ ತೋರಿಸಿದೆ. ಬೈಯಬೇಡವಂತೆ ನೀನು, ಅದೂ ದುಡಿಯುವ ಗಾಡಿಯಂತೆ.

ನಿನ್ನ
ಈರ್ಯಾ